ಕಿವಿ ಮೇಸ್ತ್ರಿ

"ಎಲ್ಲಿದೆ ಸದ್ದು?" ಎನ್ನುತ್ತಾ ಮೇಸ್ತ್ರಿ ಕಾರಿನ ಮುಂದಿನ ಎಡಮೂಲೆಯನ್ನು ಎರಡೂ ಕೈಯಿಂದ ಇನ್ನೊಮ್ಮೆ ಒತ್ತಿ ಬಿಟ್ಟ. ಕಾರು ಕುಗ್ಗಿತು, ಎದ್ದಿತು, ಸುಮ್ಮನೆ ನಿಂತಿತು.

ದನದ ಡಾಕ್ಟರು ಅವನ ಮುಖವನ್ನೇ ನೋಡಿದರು. "ಈಗ ಬಂತಲ್ಲ ಮೇಸ್ತ್ರಿ, ಕಿಂಯ್ ಅಂತ. ನಾಲ್ಕು ದಿನದಿಂದ ಇದೇ ಪಾಡು. ಮೊದಲೆಲ್ಲ ನಾನು ಸೂಜಿ ತೆಗೆದ ಮೇಲೆ ದನಗಳು ಓಡೋವು. ಈಗ ಗಾಡಿ ತಿರುವಿನಲ್ಲಿ ಇರುವಾಗಲೇ ಹಗ್ಗ ಜಗ್ತವೆ."

ಮೇಸ್ತ್ರಿ ನಕ್ಕ, ಒಳಗೊಳಗೇ ಮುನಿಸು ಬಂದಿತ್ತು. ಜನ ಅವನಿಗೆ ಕಿವಿ ಮೇಸ್ತ್ರಿ ಎಂದು ಹೆಸರಿಟ್ಟಿದ್ದು ಸುಮ್ಮನೆ ಅಲ್ಲ. ಗಾಡಿ ಗೇಟು ದಾಟಿ ಒಳಗೆ ಬರುವ ಸದ್ದಿನಲ್ಲೇ ಅದರ ರೋಗ ಹೇಳುತ್ತಿದ್ದ. ಆಮೇಲೆ ಬಾನೆಟ್ ಎತ್ತುತ್ತಿದ್ದ. ಪೇಟೆಯಲ್ಲಿ ಕಂಪ್ಯೂಟರ್ ಜೋಡಿಸಿ ನೋಡುವ ದೊಡ್ಡ ವರ್ಕ್‌ಶಾಪ್ ಶುರುವಾದ ಮೇಲೂ ಈ ತಗಡಿನ ಶೆಡ್ಡಿಗೆ ಜನ ಬರುತ್ತಿದ್ದುದು ಆ ಒಂದು ಜೊತೆ ಕಿವಿಯನ್ನು ನಂಬಿ. ಅದು ಹೋದರೆ ಉಳಿಯುವುದು ಸ್ಪ್ಯಾನರು. ಸ್ಪ್ಯಾನರು ಎಲ್ಲರ ಹತ್ತಿರವೂ ಇದೆ.

ನಾಲ್ಕು ದಿನದ ಹಿಂದೆ ಡಾಕ್ಟರೇ ಚಕ್ರದ ಕೀಲುಗಳೊಳಗೆ ಬಳೆಯಂತೆ ಕೂರುವ, ಪ್ಲಾಸ್ಟಿಕ್ಕಿನಂಥ ಪಾಲಿಯುರೆಥೇನ್ ಬುಷ್‌ಗಳ ಪೆಟ್ಟಿಗೆ ತಂದುಕೊಟ್ಟಿದ್ದರು. ಅವರು ಓಡಾಡುವ ಹಾಳು ರಸ್ತೆಗಳಲ್ಲಿ ರಬ್ಬರ್ ಬುಷ್ ವರ್ಷ ತುಂಬುವುದರೊಳಗೆ ಹರಿದುಹೋಗುತ್ತಿತ್ತು. ಇವು ಹಳದಿ ಬಣ್ಣದವು, ಉಗುರು ಊರದಷ್ಟು ಗಟ್ಟಿ. ಮೇಸ್ತ್ರಿ ಮೆಚ್ಚಿಕೊಂಡೇ ಕೂರಿಸಿದ್ದ. ಕೂರಿಸುವ ಮೊದಲು ಒಂದೊಂದನ್ನೂ ಬಟ್ಟೆಯಲ್ಲಿ ಒರೆಸಿ ಒಣಗಿಸಿದ್ದ. ಬುಷ್ಷಿಗೆ ಜಿಡ್ಡು ಸೋಕಿದರೆ ಉಬ್ಬಿ ಕೊಳೆಯುತ್ತದೆ ಎಂದು ಕೆಲಸ ಕಲಿಸಿದವನು ತಲೆಗೆ ಮೊಟಕಿ ಹೇಳಿಕೊಟ್ಟಿದ್ದ. ಮೂವತ್ತೈದು ವರ್ಷದಲ್ಲಿ ಆ ಮಾತು ಮೀರಿದವನಲ್ಲ. ಪೆಟ್ಟಿಗೆಯಲ್ಲಿದ್ದ ಗ್ರೀಸಿನ ಪೊಟ್ಟಣ ಬೇರೆ ಯಾವುದಕ್ಕೋ ಇರಬೇಕೆಂದು ಕಿಟಕಿಯ ಕಟ್ಟೆಗೆ ಬಿಸಾಡಿದ್ದ.

ಶೆಡ್ಡಿನ ಹಿಂದೆಯೇ ಮನೆ. ಹೆಂಡತಿ ಟೀ ಹಿಡಿದು ಬಂದಳು. ಹೊಸ ಸಾಮಾನು, ಹೊಂದಿಕೊಳ್ಳಲು ನಾಲ್ಕು ದಿನ ಬೇಕು ಎಂದು ಡಾಕ್ಟರಿಗೆ ಸಮಜಾಯಿಷಿ ಹೇಳುತ್ತಾ ಮೇಸ್ತ್ರಿ ಮತ್ತೆ ಒತ್ತಿದ. ಆಗ ಅವಳ ಮುಖ ಕಣ್ಣಿಗೆ ಬಿತ್ತು. ಚಮಚ ಪಾತ್ರೆಯ ತಳ ಕೆರೆದಾಗ ಕಿರಿದಾಗುವಂತೆ ಅವಳ ಕಣ್ಣುಗಳು ಕಿರಿದಾಗಿದ್ದವು. ಇನ್ನೊಮ್ಮೆ ಒತ್ತಿದ. ಮತ್ತೆ ಹಾಗೆಯೇ. ಮೆಲ್ಲಗೆ ಒತ್ತಿ, ತಡೆದು, ತಟ್ಟನೆ ಬಿಟ್ಟ. ಅವನ ಕೈ ಹೇಗೋ ಅವಳ ರೆಪ್ಪೆ ಹಾಗೆ. ಅವನು ಕೈಯನ್ನು ಅಲ್ಲೇ, ಬಿಸಿ ತಗಡಿನ ಮೇಲೆ ಬಿಟ್ಟ.

"ಅಕ್ಕಾ, ನೀವೇ ಹೇಳಿ," ಎಂದರು ಡಾಕ್ಟರು. "ಸದ್ದು ಬರ್ತಿದೆಯೋ ಇಲ್ವೋ?"

ಅವಳು ಗಂಡನ ಕಡೆ ಒಮ್ಮೆ ನೋಡಿದಳು. "ನಂಗೇನು ತಿಳಿಯುತ್ತೆ ಡಾಕ್ಟ್ರೇ. ಇವರ ಸುತ್ತಿಗೆ ಏಟು ಕೇಳಿ ಕೇಳಿ ನನ್ನ ಕಿವಿ ಯಾವತ್ತೋ ಕೆಟ್ಟಿದೆ. ಇವರು ಇಲ್ಲ ಅಂದ್ರೆ ಇಲ್ಲ."

ಮೇಸ್ತ್ರಿಗೆ ಒಂದು ಗಳಿಗೆ ಹಾಯೆನಿಸಿತು. ಹೂಂ ಎಂದಿದ್ದರೆ ಮುಗಿಯುತ್ತಿತ್ತು; ಡಾಕ್ಟರು ತಲೆ ಕೆರೆದುಕೊಂಡು ಹೊರಡುತ್ತಿದ್ದರು. ಆದರೆ ಅವಳು ಸುಳ್ಳು ಹೇಳಿದ ರೀತಿ ಅವನನ್ನು ಚುಚ್ಚಿತು. ತಡವರಿಸಲಿಲ್ಲ, ಪದ ಹುಡುಕಲಿಲ್ಲ. ಎಷ್ಟೋ ದಿನದಿಂದ ಅಭ್ಯಾಸವಾದವಳಂತೆ ಹೇಳಿದ್ದಳು.

"ಸದ್ದು ಇದೆ ಡಾಕ್ಟ್ರೇ," ಎಂದ. "ನಂಗೆ ಕೇಳ್ತಿಲ್ಲ, ಅಷ್ಟೆ."

ಡಾಕ್ಟರು ಟೀ ಲೋಟ ತೆಗೆದುಕೊಂಡು ಎರಡು ಗುಟುಕು ಕುಡಿದರು. ಆಮೇಲೆ, "ಕಿವಿ ತೋರಿಸೋಕೆ ನನ್ನ ಹತ್ರ ಮಾತ್ರ ಬರ್ಬೇಡಿ. ನಾನು ಮೊದಲು ಮೂಗುದಾರ ಹಾಕ್ತೀನಿ," ಎಂದರು.

"ಅದನ್ನ ನಾನು ಮದುವೆ ದಿನಾನೇ ಹಾಕ್ಬೇಕಿತ್ತು," ಎಂದಳು ಅವಳು. ತಟ್ಟೆಯಲ್ಲಿ ಉಳಿದ ಲೋಟವನ್ನು ಗಂಡನತ್ತ ಚಾಚಿದಳು.

ಮೇಸ್ತ್ರಿ ಕಿಟಕಿಯ ಕಟ್ಟೆಯಿಂದ ಪೊಟ್ಟಣ ತಂದು ಡಾಕ್ಟರ ಕೈಗೆ ಕೊಟ್ಟ. ಅದರ ಬೆನ್ನ ಮೇಲಿನ ಸಣ್ಣಕ್ಷರಗಳನ್ನು ಅವರು ಓದಿ ಹೇಳಿದರು. ಈ ಬುಷ್ ರಬ್ಬರಿನ ಹಾಗೆ ತಾನೇ ತಿರುಚಿಕೊಳ್ಳುವುದಿಲ್ಲ, ಕೂತಲ್ಲೇ ತಿರುಗುತ್ತದೆ. ಈ ಗ್ರೀಸನ್ನೇ ಹಚ್ಚಬೇಕು, ಒಣಗಿದ್ದರೆ ಕಿರುಚುತ್ತದೆ. ತಪ್ಪು ತನ್ನದೇ ಎಂದು ಮೇಸ್ತ್ರಿ ಒಪ್ಪಿಕೊಂಡು ಜಾಕ್ ಕೊಟ್ಟ. ಎರಡು ಗಂಟೆ ಹಿಡಿಯಿತು. ಚಕ್ರಗಳು ನೆಲಕ್ಕಿಳಿದ ಮೇಲೆ ಹೆಂಡತಿಯನ್ನು ಕರೆದು ಎದುರಿಗೆ ನಿಲ್ಲಿಸಿಕೊಂಡ. ಸದ್ದು ಬಂದರೆ ಕೈ ಎತ್ತು, ನನ್ನ ಮುಖ ನೋಡಿ ಎತ್ತಬೇಡ ಎಂದ. ಎಡಗಡೆ ಒತ್ತಿದ, ಅವಳ ಕೈ ಸೆರಗಿನಲ್ಲೇ ಇತ್ತು. ಬಲಗಡೆ ಒತ್ತಿದಾಗ ಕೈ ಮೇಲೆದ್ದಿತು. ಅವನು ಮತ್ತೆ ಕಾರಿನಡಿ ತೂರಿದ. ಎರಡನೆಯ ಸಲ ಕೈ ಏಳಲಿಲ್ಲ.

ಮುಂದಿನ ತಿಂಗಳು ಆಯಿಲ್ ಬದಲಿಸಲು ಬರುತ್ತೇನೆ, ಅಕ್ಕನೂ ಇರಲಿ ಎಂದು ಹೇಳಿ ಡಾಕ್ಟರು ಹೊರಟುಹೋದರು.

ಮೇಸ್ತ್ರಿ ಬಕೆಟ್ಟಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು ಸೋಪಿನ ಪುಡಿಯಲ್ಲಿ ಕೈ ಉಜ್ಜಿದ. "ಯಾವಾಗಿಂದ ಗೊತ್ತು ನಿಂಗೆ?"

ಲೋಟಗಳನ್ನು ಜೋಡಿಸುತ್ತಿದ್ದವಳು ಏನನ್ನೋ ಕೇಳಿಸಿಕೊಂಡಂತೆ ಸೂರಿನತ್ತ ಕತ್ತೆತ್ತಿದಳು. ಅವನೂ ಎತ್ತಿದ. ಕಬ್ಬಿಣದ ತೊಲೆಯ ಸಂದಿನಲ್ಲಿ ಹುಲ್ಲುಕಡ್ಡಿಯ ಗೂಡು. ಕಟ್ಟಿ ಬಹಳ ದಿನವಾದಂತಿತ್ತು. ಅದರ ಅಂಚಿನಿಂದ ಮೂರು ಮರಿಗುಬ್ಬಿಗಳ ಕೊಕ್ಕುಗಳು ಅವನ ಪಾಲಿಗೆ ಸದ್ದೇ ಇಲ್ಲದೆ ತೆರೆಯುತ್ತಿದ್ದವು, ಮುಚ್ಚುತ್ತಿದ್ದವು, ತೆರೆಯುತ್ತಿದ್ದವು.