ನಾಲ್ವರ ಒಮ್ಮತ

ಆನ್‌ಲೈನ್ ತರಗತಿ ಶುರುವಾಗುತ್ತಲೇ ರೋಗಿಯಾಗಿ ಕೂತಿದ್ದ ಅಜ್ಜಿಯ ಮನೆಯಲ್ಲಿ ಕುಕ್ಕರ್ ಕೂಗಿತು. ನಾಲ್ವರು ವಿದ್ಯಾರ್ಥಿಗಳ ತಂಡದ ಮುಂದಾಳು ಪ್ರಣೀತ ಥಟ್ಟನೆ ಅಜ್ಜಿಯ ಮೈಕ್ ಬಂದ್ ಮಾಡಿದ.

"ಅಜ್ಜಿ ಕಾಲಿನ ಹುಣ್ಣಿಗೆ ಏನು ಚಿಕಿತ್ಸೆ ಅಂತ ಡಾಕ್ಟರು, ನರ್ಸು, ಫಾರ್ಮಸಿ, ಫಿಸಿಯೋ ನಾಲ್ಕೂ ಜನ ಕೂಡಿ ತೀರ್ಮಾನ ಮಾಡ್ಬೇಕು," ಎಂದರು ಮೇಡಂ. "ಇವರು ನಿಜವಾದ ರೋಗಿ, ನೆನಪಿರಲಿ. ಒಮ್ಮತ ಬರ್ಲಿಲ್ಲ ಅಂದ್ರೆ ನಾಲ್ವರೂ ಫೇಲ್."

ಒಮ್ಮತ ಎಲ್ಲಿಂದ ಬರಬೇಕು? ಎಲ್ಲರೂ ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರೇ. ಡಾಕ್ಟರ್ ಓದುತ್ತಿದ್ದ ಪ್ರಣೀತನೇ ಮೊದಲು ಬಾಯಿ ಹಾಕಿದ.

"ಪೆನ್ಸಿಲಿನ್ ಇಂಜೆಕ್ಷನ್. ಬೇರೆ ಮಾತೇ ಇಲ್ಲ."

"ಮೊದಲು ಡ್ರೆಸ್ಸಿಂಗ್ ಆಗ್ಬೇಕು. ನಮ್ಮ ಮಾತನ್ನೂ ಸ್ವಲ್ಪ ಕೇಳಿ," ಸಿಡುಕಿದಳು ನರ್ಸಿಂಗ್ ಹುಡುಗಿ.

"ಅಜ್ಜಿ ಯಾಕೆ ಹಂಗೆ ಕೈ ಬೀಸ್ತಿದ್ದಾರೆ?" ಎಂದ ಫಿಸಿಯೋದವನು.

"ಟಾಟಾ ಮಾಡ್ತಿರ್ಬೇಕು, ಬಿಡೋ. ಟೈಮಿಲ್ಲ," ಎಂದ ಪ್ರಣೀತ.

ಕೊನೆಗೆ ಅವನು ಡ್ರೆಸ್ಸಿಂಗಿಗೆ ಒಪ್ಪಿದ, ಅವಳು ಇಂಜೆಕ್ಷನ್ನಿಗೆ ಒಪ್ಪಿದಳು. ಫಾರ್ಮಸಿಯವಳು ಔಷಧದ ಪ್ರಮಾಣ ಹೇಳಿದಳು, ಫಿಸಿಯೋದವನು ವ್ಯಾಯಾಮ ಸೇರಿಸಿದ. ಗಡುವು ಮುಗಿಯುವಷ್ಟರಲ್ಲಿ ನಾಲ್ವರೂ ಒಂದಾಗಿದ್ದರು. ಪ್ರಣೀತನಿಗೆ ಹೋದ ಜೀವ ಬಂದಂತಾಯಿತು.

"ಎಲ್ಲರನ್ನೂ ಕೇಳಿ ತೀರ್ಮಾನ ಮಾಡಿದ್ರಾ?" ಮೇಡಂ ಕೇಳಿದರು.

"ಎಲ್ಲರನ್ನೂ ಕೇಳಿದ್ವಿ, ಮೇಡಂ."

"ಹಾಗಾದ್ರೆ ಅಜ್ಜಿ ಮೈಕ್ ಆನ್ ಮಾಡಪ್ಪ."

ಪ್ರಣೀತ ಆನ್ ಮಾಡಿದ.

"ಆಗ್ಲಿಂದ ಬಡ್ಕೋತಾ ಇದೀನಿ ಕಣ್ರಪ್ಪಾ, ಹೋದ ಸಲ ಆ ಪೆನ್ಸಿಲಿನ್ ಚುಚ್ಚಿದ್ದಕ್ಕೇ ನನ್ನ ಉಸಿರು ನಿಂತಿದ್ದು!"