ಮೂವರ ಜಯಂತಿ

"ಫೆಬ್ರುವರಿ ಹನ್ನೆರಡಕ್ಕ ಯಾರ್ಯಾರು ದೊಡ್ಡ ಮಂದಿ ಹುಟ್ಯಾರ, ನೋಡು ತಂಗಿ" ಎನ್ನುತ್ತ ಶೆಟ್ಟೆಪ್ಪ ಮುಂಬೈಯ ಭಾಂಡುಪ್ ಸ್ಟೇಷನ್ ರಸ್ತೆಯ ಫ್ಲೆಕ್ಸ್ ಅಂಗಡಿಯಲ್ಲಿ ಕುರ್ಚಿ ಎಳೆದುಕೊಂಡು ಕೂತ.

ಕಟ್ಟಡದ ಕೆಲಸಕ್ಕೆ ಆಳು ಒದಗಿಸುವ ಮೇಸ್ತ್ರಿ ಅವನು. ಈ ಸಲ ಪಾಲಿಕೆ ಚುನಾವಣೆಗೆ ಪಾರ್ಟಿ ಟಿಕೆಟ್ ಬೇಕಾಗಿತ್ತು. ಟಿಕೆಟ್ ಕೊಡುವ ಸಾಹೇಬರು ಹನ್ನೆರಡನೇ ತಾರೀಖು ವಾರ್ಡಿಗೆ ಬರುವವರಿದ್ದರು. ಅವರ ಕಣ್ಣಿಗೆ ಬೀಳಲು ಬ್ಯಾನರ್ ಬೇಕು, ಬ್ಯಾನರಿಗೊಂದು ಹುಟ್ಟುಹಬ್ಬ ಬೇಕು. ಶೆಟ್ಟೆಪ್ಪನ ಆಧಾರ್ ಕಾರ್ಡಿನಲ್ಲಿದ್ದದ್ದು ಜೂನ್ ಒಂದು. ಇಂಡಿ ಕಡೆಯ ಅವನ ಊರಿನ ಮಾಸ್ತರರು ಒಂದನೇ ಇಯತ್ತೆಯ ಹುಡುಗರನ್ನೆಲ್ಲ ಅದೇ ದಿನ ಹುಟ್ಟಿಸಿಬಿಟ್ಟಿದ್ದರು. ನಿಜವಾಗಿ ಎಂದು ಹುಟ್ಟಿದನೋ ಹೆತ್ತವ್ವನಿಗೂ ನೆನಪಿರಲಿಲ್ಲ. ಹಾಗಾಗಿ ಈ ವರ್ಷ ಸಾಹೇಬರು ಬರುವ ದಿನವೇ ಹುಟ್ಟಲು ಯಾವ ಅಡ್ಡಿಯೂ ಇರಲಿಲ್ಲ.

ಅದೇ ಟಿಕೆಟಿಗೆ ಕಣ್ಣು ಹಾಕಿದ್ದ ನಿಂಗಣ್ಣನ ಬ್ಯಾನರುಗಳಲ್ಲಿ ಶುಭ ಕೋರುವವರೆಂದು ಗಲ್ಲಿಯ ಹುಡುಗರೇ ತುಂಬಿರುತ್ತಿದ್ದರು. ತನ್ನದರಲ್ಲಿ ಜಗತ್ತೇ ಬಂದು ನಿಲ್ಲಬೇಕೆಂಬುದು ಶೆಟ್ಟೆಪ್ಪನ ಲೆಕ್ಕ. ಕಂಪ್ಯೂಟರಿನ ಮುಂದಿದ್ದ ದಾನೇಶ್ವರಿ ಹುಡುಕಿದಳು. ಅವಳ ಮಗಳನ್ನು ಹಗಲು ನೋಡಿಕೊಳ್ಳುವ ಪಕ್ಕದ ಮನೆಯವರು, ಕರೆದೊಯ್ಯಲು ಯಾವಾಗ ಬರುತ್ತೀ ಎಂದು ಆಗಲೇ ಎರಡು ಸಲ ಫೋನು ಮಾಡಿದ್ದರು. ಮೊದಲು ಸಿಕ್ಕಿದ್ದು ಹಿಂದಿ ಸಿನಿಮಾದ ಖಳನಟ ಪ್ರಾಣ್. ಅಂಥ ಪಾರ್ಟು ಮಾಡುವವರು ಪಾರ್ಟಿಯಲ್ಲೇ ಬೇಕಾದಷ್ಟಿದ್ದಾರೆ, ಬೇಡ ಎಂದ ಶೆಟ್ಟೆಪ್ಪ. ಆಮೇಲೆ ಕ್ರಿಕೆಟಿನ ನಮ್ಮ ಗುಂಡಪ್ಪ ವಿಶ್ವನಾಥ್. ಕರ್ನಾಟಕದವರು, ಮುಂಬೈಗೆ ಅಳಿಯ ಬೇರೆ. ಶೆಟ್ಟೆಪ್ಪ ಹಿಗ್ಗಿದ. ಆದರೆ ಬದುಕಿರುವವರ ಫೋಟೋ ಹಾಕಿದರೆ ಅವರನ್ನು ಕೇಳಬೇಕಾಗುತ್ತದೆ ಎಂದಳು ದಾನೇಶ್ವರಿ. ಕೇಳಲು ಹೊತ್ತಿಲ್ಲ, ಸತ್ತವರೇ ಆಗಲಿ ಎಂದು ತೀರ್ಮಾನವಾಯಿತು.

ಉಳಿದವರು ಇಬ್ಬರು, ಇಬ್ಬರೂ ಗಡ್ಡದವರು. ಗುಲಾಮರನ್ನು ಬಿಡಿಸಿದ ಅಮೆರಿಕದ ಲಿಂಕನ್, ಮತ್ತೆ ಡಾರ್ವಿನ್.

"ಇಂವ ಏನ್ ಮಾಡ್ಯಾನ?"

"ಮಂಗ್ಯಾನಿಂದ ಮನಷ್ಯಾ ಆದ ಅಂತ ಹೇಳ್ಯಾರ್ರಿ."

"ನಮ್ಮ ವಾರ್ಡಿನಾಗ ಆ ಕೆಲಸ ಇನ್ನೂ ನಡದೈತಿ. ಇರ್ಲಿ, ಹಾಕು."

ಇಬ್ಬರ ನಡುವೆ ಶೆಟ್ಟೆಪ್ಪನನ್ನು ದೊಡ್ಡದಾಗಿ ಕೂರಿಸಿದಳು. ಅವರು ಕಪ್ಪು ಬಿಳುಪು, ತಾನೊಬ್ಬನೇ ಗುಲಾಬಿ ಜುಬ್ಬಾ. ಅವನಿಗೆ ಸರಿಬರಲಿಲ್ಲ. ತನ್ನದನ್ನೂ ಕಪ್ಪು ಬಿಳುಪು ಮಾಡಿಸಿದ. ಹ್ಯಾಪಿ ಬರ್ತ್‌ಡೇ ಎಂಬುದು ಕೇಕು ತಿನ್ನುವ ಮಕ್ಕಳಿಗಾಯಿತು, ದೊಡ್ಡವರಿಗೆಲ್ಲ ಜಯಂತಿಯೇ ಅಲ್ಲವೇ ಎಂದು, ಮೇಲೆ 'ಜಯಂತಿ' ಎಂದು ದಪ್ಪಕ್ಷರದಲ್ಲಿ ಬರೆಸಿದ.

"ಅಣ್ಣಾರ, ಜಯಂತಿ ಅಂದ್ರ..." ಎಂದು ದಾನೇಶ್ವರಿ ಶುರುಮಾಡಿದಳು. ಅಷ್ಟರಲ್ಲಿ ಮೂರನೇ ಸಲ ಫೋನು ಬಂತು. ಅವಳು ಪ್ರಿಂಟಿಗೆ ಕೊಟ್ಟು ಚೀಲ ಹೆಗಲಿಗೇರಿಸಿ ಓಡಿದಳು.

ಹನ್ನೆರಡರ ಬೆಳಿಗ್ಗೆ ಬ್ಯಾನರ್ ಏರಿತು. ಶೆಟ್ಟೆಪ್ಪನ ಹುಡುಗರು ಪ್ರೀತಿ ಹೆಚ್ಚಾಗಿ ಅವನ ಮುಖಕ್ಕೆ ಆಳುದ್ದದ ಚೆಂಡುಹೂವಿನ ಹಾರ ಹಾಕಿದರು. ಹೆಂಡತಿ ಇಂದ್ರಾಬಾಯಿ ಆರತಿ ತಟ್ಟೆ ಹಿಡಿದು ಕೆಳಗೆ ನಿಂತಳು. ಶೆಟ್ಟೆಪ್ಪ ಬ್ಯಾಂಡಿನವರನ್ನು ಕಟ್ಟಿಕೊಂಡು ಸಾಹೇಬರನ್ನು ಎದುರುಗೊಳ್ಳಲು ದೊಡ್ಡ ರಸ್ತೆ ಕೂಡುವ ನಾಕಾದ ಕಡೆ ಹೋದ. ಟ್ರಾಫಿಕ್ ತಪ್ಪಿಸಲು ಸಾಹೇಬರ ಕಾರು ಹಿಂದಿನ ಗಲ್ಲಿಯಿಂದ ಬಂತು.

ಸಾಹೇಬರು ಇಳಿದರು, ಬ್ಯಾನರ್ ನೋಡಿದರು. ಶೆಟ್ಟೆಪ್ಪನನ್ನು ಅವರು ಹಿಂದೆಂದೂ ಕಂಡಿರಲಿಲ್ಲ. ಚಪ್ಪಲಿ ಬಿಟ್ಟು ಕೈಮುಗಿದು ಕಣ್ಣು ಮುಚ್ಚಿದರು. ಹಿಂದಿದ್ದವರೂ ಚಪ್ಪಲಿ ಬಿಟ್ಟರು. ಫೋಟೋದವನು ಬದುಕಿರುವ ಸಂಗತಿ ಕೆಲವರಿಗೆ ಗೊತ್ತಿತ್ತು, ಸಾಹೇಬರಿಗೆ ತಿಳಿಸುವ ಧೈರ್ಯ ಇರಲಿಲ್ಲ. ಇವರ ಮನೆಯವರು ಯಾರು ಎಂದು ಸಾಹೇಬರು ಕೇಳಿದಾಗ ಎಲ್ಲರೂ ಇಂದ್ರಾಬಾಯಿಯನ್ನು ತೋರಿಸಿದರು. ಕರ್ಪೂರದ ಹೊಗೆಗೆ ಅವಳ ಕಣ್ಣು ಸುರಿಯುತ್ತಿತ್ತು. ಸಾಹೇಬರು ಅವಳ ತಲೆಯ ಮೇಲೆ ಕೈಯಿಟ್ಟು, ಅಳಬೇಡ ತಾಯಿ, ಅವರ ಕೆಲಸ ನೀನು ಮುಂದುವರಿಸು, ಈ ವಾರ್ಡಿನ ಟಿಕೆಟ್ ನಿನಗೇ ಎಂದು ಮೈಕಿನಲ್ಲಿ ಸಾರಿದರು. ಚಪ್ಪಾಳೆ ಬಿತ್ತು. ಕಾರು ಹೊರಟುಹೋಯಿತು.

ಸುದ್ದಿ ಕೇಳಿ ಶೆಟ್ಟೆಪ್ಪ ಏದುಸಿರು ಬಿಡುತ್ತ ಚಾಳಿನ ಖೋಲಿಗೆ ನುಗ್ಗಿದ. ಇಂದ್ರಾಬಾಯಿ ಚಹಾಕ್ಕೆ ಇಟ್ಟಿದ್ದಳು.

"ನಾ ಬದುಕೇನಿ ಅಂತ ಒಂದ್ ಮಾತ್ ಹೇಳಾಕ ಏನಾಗಿತ್ತ ನಿನಗ?"

"ಹೇಳಾಕಂತನ ಬಾಯಿ ತಗದಿದ್ದೆ. ಅಷ್ಟ್ರಾಗ ಟಿಕೆಟ್ ಅಂದ್ರು. ಮುಚ್ಚಿದೆ."

"ನಾಳೆ ನಾನ ಹೋಗಿ ಸಾಹೇಬ್ರ ಮುಂದ ನಿಂದರ್ತೀನಿ."

"ನಿಂದರ್ರಿ. ಟಿಕೆಟ್ ನಿಂಗಣ್ಣಗ ಹೋಗತೈತಿ."

ಶೆಟ್ಟೆಪ್ಪ ಹಾಗೇ ಗೋಡೆಗೆ ಒರಗಿ ಕೂತ. ಹೊರಗೆ ಪಡಸಾಲೆಯಲ್ಲಿ ಪಾರ್ಟಿಯವರ ದನಿ ಕೇಳಿಸಿತು. ಹೊಸ ಅಭ್ಯರ್ಥಿಯನ್ನು ಕಾಣಲು ಬಂದಿದ್ದರು. ಇಂದ್ರಾಬಾಯಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು, ಚಹಾದ ಲೋಟವನ್ನು ಗಂಡನ ಕೈಗಿಟ್ಟು ಅವನನ್ನು ಪರದೆಯ ಆಚೆಗೆ ದೂಡಿದಳು.

"ರಿಸಲ್ಟ್ ಬರೂತನಕಾ" ಎಂದಳು ಮೆಲ್ಲಗೆ, "ಕೆಮ್ಮಬ್ಯಾಡ್ರಿ."