ಡೋರೀನ್ ಆರಿಸಿದ ಪೆಟ್ಟಿಗೆ

ಎರಡನೇ ಸಲ ಕರೆದರೂ ಡೋರೀನ್ ಸಿಂಕಿನಿಂದ ತಿರುಗಿ ನೋಡಲಿಲ್ಲ. ರಾಯ್ಸ್ ಅಡುಗೆಮನೆಯ ಬಾಗಿಲಲ್ಲೇ ನಿಂತ. ಅವಳ ಸಿಟ್ಟು ಇನ್ನೂ ಇಳಿದಿಲ್ಲ ಎಂದುಕೊಂಡ. ಇಳಿಯುವುದಾದರೂ ಹೇಗೆ?

ಲಾನ್ಸೆಸ್ಟನ್ ಊರಿನ ಅವರ ಮರದ ಮನೆಯ ಮುಂಗೋಣೆಯಲ್ಲಿ ಮೊದಲು ಅವಳ ತಾಯಿಯ ಪಿಯಾನೋ ಇತ್ತು. ದೊಡ್ಡ ಟಿವಿಗೂ ಸ್ಪೀಕರುಗಳಿಗೂ ಜಾಗ ಬೇಕೆಂದು ಅದನ್ನು ಮಾರಿದವನು ಅವನೇ. "ನಾನೆಲ್ಲಿ ನುಡಿಸ್ತೀನಿ ಈಗ? ತಗೊಂಡು ಹೋಗ್ಲಿ ಬಿಡು" ಎಂದಿದ್ದಳು. ಅಷ್ಟು ಸುಲಭವಾಗಿ ಒಪ್ಪಿದ್ದೇ ಅವನ ಎದೆಯಲ್ಲಿ ಮುಳ್ಳಾಗಿ ಉಳಿದಿತ್ತು. ಆಮೇಲೆ ಅವಳು ಚರ್ಚಿನ ಹಾಡಿನ ತಂಡವನ್ನೂ ಬಿಟ್ಟಳು. ಅದಕ್ಕೂ ತಾನೇ ಕಾರಣ ಎಂದುಕೊಂಡ.

ಈಗ ಟಿವಿಯ ಹಳೆಯ ಸ್ಪೀಕರ್ ಸೆಟ್ಟು ಬದಲಿಸಬೇಕಿತ್ತು, ಒಂದೊಂದಾಗಿ. ಭಾನುವಾರ ಹಿತ್ತಲಲ್ಲಿ ಸಾಸೇಜು ಸುಡುತ್ತ ಗೆಳೆಯ ಕ್ಲೈವ್ ತೀರ್ಪು ಕೊಟ್ಟ: "ಮೊದಲು ಸ್ಪೀಕರು ಕಣಯ್ಯಾ. ಮಾತು ಬರೋದೇ ಅಲ್ಲಿಂದ. ಆಮೇಲೆ ಆಂಪ್ಲಿಫೈಯರ್. ಮಾತಿಲ್ಲದೆ ಬರೀ ಗುಡುಗೋ ಸಬ್‌ವೂಫರ್ ಪೆಟ್ಟಿಗೆ ಕಟ್ಟಕಡೆಗೆ."

ರಾಯ್ಸ್ ಅಲ್ಲೇ ಕುಳಿತಿದ್ದ ಹೆಂಡತಿಯ ಎದುರಿಗೆ ಕುರ್ಚಿ ಎಳೆದುಕೊಂಡ. "ಈ ಸಲ ನೀನೇ ಹೇಳು. ಮೊದಲು ಯಾವುದು ತರ್ಲಿ?"

ಡೋರೀನ್ ಅವನ ತುಟಿಗಳನ್ನೇ ನೋಡುತ್ತಿದ್ದಳು. "ಸಬ್‌ವೂಫರ್."

ಕ್ಲೈವ್ ಇಕ್ಕಳ ಕೆಳಗಿಟ್ಟು ಅವಳತ್ತ ಬಾಗಿದ. "ಏನಮ್ಮಾ, ಮನೇಲಿ ಭೂಕಂಪ ಆಗ್ಬೇಕಾ?"

"ಆಗ್ಲಿ" ಎಂದಳು. ನಗಲಿಲ್ಲ.

ಇದು ತನ್ನ ಮೇಲಿನ ಸೇಡು ಎಂದೇ ರಾಯ್ಸ್ ಭಾವಿಸಿದ. ಅವಳ ಸಂಗೀತವನ್ನು ಹೊರಹಾಕಿದವನಿಗೆ ಗುಡುಗೇ ಸರಿ. ಅವಳು ಹೇಳಿದ ಪೆಟ್ಟಿಗೆಯನ್ನೇ ತಂದ.

ಹೊಸ ಪೆಟ್ಟಿಗೆಯನ್ನು ಮೊದಲು ಜೋಡಿಸಿ, ಅವನು ಟಿವಿಯ ಹಿಂದೆ ತಂತಿಗಳ ಗೋಜಲಿನಲ್ಲಿ ಮಂಡಿಯೂರಿದ್ದ. ಸಿನಿಮಾ ಹಾಕು ಎಂದು ಕೈಸನ್ನೆ ಮಾಡಿದ. ಡೋರೀನ್ ಚಪ್ಪಲಿ ಬಿಟ್ಟು, ಬರಿಗಾಲನ್ನು ಮರದ ನೆಲಕ್ಕೂರಿ ಕುಳಿತಳು. ಪರದೆಯ ಮೇಲೆ ಬಿರುಗಾಳಿಗೆ ಸಿಕ್ಕ ಹಡಗು. ನಾವಿಕರು ಬಾಯಿ ಬಾಯಿ ಬಡಿದುಕೊಳ್ಳುತ್ತಿದ್ದರು. ನೆಲ ನಡುಗಿತು. ಕಿಟಕಿಯ ಗಾಜು ಗುಂಯ್‌ಗುಟ್ಟಿತು.

ಇನ್ನು ತಡೆಯಲಾಗಲಿಲ್ಲ. ಟಿವಿಯ ಹಿಂದಿನಿಂದಲೇ ರಾಯ್ಸ್ ಹೇಳಿಬಿಟ್ಟ: "ಡೋರೀನ್, ಪಿಯಾನೋ ಕೊಟ್ಟಿದ್ದು ತಪ್ಪಾಯ್ತು. ಕ್ಷಮಿಸ್ತೀಯಾ?"

ಇಣುಕಿ ನೋಡಿದ. ಅವಳ ಕಣ್ಣು ತುಂಬಿತ್ತು. ಎಷ್ಟೋ ತಿಂಗಳ ಮೇಲೆ ಮುಖದಲ್ಲಿ ನಗು.

"ಅಬ್ಬಾ, ರಾಯ್ಸ್! ಈಗ ಎಷ್ಟು ಚೆನ್ನಾಗಿ ಕೇಳ್ತಿದೆ! ಅವರಾಡೋ ಒಂದೊಂದು ಮಾತೂ ಸ್ಪಷ್ಟ!"

ಇನ್ನೂ ಜೋಡಿಸದ ಸ್ಪೀಕರುಗಳ ತಂತಿಗಳು ರಾಯ್ಸನ ಕೈಯಲ್ಲೇ ಇದ್ದವು; ಗುಡುಗಲ್ಲದೆ ಒಂದು ಮಾತೂ ಹೊರಬಂದಿರಲಿಲ್ಲ.